ಬಿಳಿಗಾರ

ಮೂರು ರಾಜರ ಹಬ್ಬ ಕಳೆದ ಮರುದಿನ
ನಮ್ಮ ಗ್ವಾಗ್ವಾದ ಓಣಿಗಳಲ್ಲಿ ಏಣಿಗಳು ಹೊರಬರುತ್ತವೆ.
ಸೂರಿನ ನಕ್ಷತ್ರಗಳು ಒಂದೊಂದಾಗಿ ಇಳಿಯುತ್ತವೆ,
ಹಗಲಲ್ಲಿ ಅವು ಬರೀ ಬಿದಿರು, ಬಣ್ಣದ ಕಾಗದ,
ಗಾಳಿಗೆ ಸಿಕ್ಕಿ ಜಡೆಗಟ್ಟಿದ ಬಾಲ.

ಇಳಿಸುವುದು ಸುಲಭ. ಎತ್ತಿಡುವುದಿದೆಯಲ್ಲ.

ಅತ್ತೆ ಇಲುಮಿನಾದಾ, ಕೇರಿಗೆಲ್ಲ ಅಪು, ಅಜ್ಜಿ,
ಅಂಗಡಿಯ ಅಂಟು ಮುಟ್ಟಿದವಳಲ್ಲ.
ಹಳೆಯ ಅಕ್ಕಿಯ ಗಂಜಿಯನ್ನು ಎಳೆ ಬರುವತನಕ ಕಾಯಿಸಿ
ಹೆಬ್ಬೆರಳಲ್ಲೇ ಬಳಿಯುವಳು ಬಿದಿರಿನ ಅಂಚಿಗೆ,
ಕಾಗದ ಒತ್ತಿ, ಉಸಿರು ಬಿಗಿಹಿಡಿದು, ಹತ್ತು ಎಣಿಸುವಳು.
"ಅನ್ನ ಉಂಡದ್ದು ಗಟ್ಟಿ ನಿಲ್ಲುತ್ತದೆ."
"ಅನ್ನ ಉಂಡದ್ದನ್ನು ಜಿರಲೆಯೂ ಉಣ್ಣುತ್ತದೆ," ಎನ್ನುವೆ ನಾನು.
ಇಪ್ಪತ್ತೆರಡು ವರ್ಷ ನಮ್ಮಿಬ್ಬರದು ಇದೇ ಮಾತು.

ಜಿರಲೆಯ ಲೆಕ್ಕ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.
ಮೊದಲು ಬಿಸಿಲು. ಎರಡು ದಿನ, ಮೀನು ಒಣಗಿಸಿದಂತೆ ಮಗ್ಗುಲು ಬದಲಿಸಿ.
ಆಮೇಲೆ ಕುಂಚ. ಮೂಲೆಮೂಲೆಯಲ್ಲಿ ಮೊಟ್ಟೆಕೋಶ ಹುಡುಕುವಳು,
ಹುರಿದ ಹುರುಳಿಕಾಳಿನ ಹಾಗಿದ್ದದ್ದು
ಉಗುರಿಗೆ ಸಿಕ್ಕರೆ ಚಿಟ್ಟೆನ್ನುವುದು.
ರಟ್ಟಿನ ಪೆಟ್ಟಿಗೆ ಕೂಡದು, ಅದೂ ಅವಕ್ಕೆ ಊಟವೇ.
ನೆಲದ ಮೇಲೆ ಕೂಡದು. ನೆರೆ ಬರುತ್ತದೆ,
ನೆರೆಗಿಂತ ಮೊದಲು ಗೆದ್ದಲು.
ಹಳೆಯ ಲಂಗದಲ್ಲಿ ಸುತ್ತು, ಲವಂಗ ಉದುರಿಸು,
ತೊಲೆಗೆ ತೂಗುಹಾಕು, ಹಗ್ಗಕ್ಕೆ ಸೀಮೆಎಣ್ಣೆ ಸವರು.

ಕೊನೆಗೆ ಇನ್ನೊಂದಿಷ್ಟು ಗಂಜಿ ಕಾಯಿಸುವಳು.
ಹಾಲಿನ ಡಬ್ಬಿಯ ಮುಚ್ಚಳದಲ್ಲಿ ಒಂದು ಚಮಚ,
ಸಕ್ಕರೆ ಚಿಟಿಕೆ, ಬಿಳಿಗಾರ ಎರಡು ಚಿಟಿಕೆ.
ಮೂಲೆಗೆ ಸರಿಸಿ ಶಿಲುಬೆಯ ಗುರುತು ಮಾಡಿಕೊಳ್ಳುವಳು,
ಅವುಗಳಿಗಾಗಿಯೋ ತನಗಾಗಿಯೋ, ನಾನು ಕೇಳಲಿಲ್ಲ.
ಎಡೆಯಿಟ್ಟು ವಿಷವಿಕ್ಕುವ ಕೈಯ ಭಕ್ತಿ
ಕಂಡು ನಗು ಬರುತ್ತಿತ್ತು, ಅಷ್ಟೇ.

ಹೋದ ಜನವರಿ ಅವಳು ಹಾಸಿಗೆ ಹಿಡಿದಳು.
ನಕ್ಷತ್ರ ಸೂರಲ್ಲೇ ಉಳಿಯಿತು, ಫೆಬ್ರವರಿಯ ತನಕ.
ಮಣ್ಣು ಮಾಡಿ ಬಂದ ಸಂಜೆ ಯಾರೋ ಇಳಿಸಿಕೊಟ್ಟರು.
ಅಂಗಳದ ತುಂಬ ಕುರ್ಚಿಗಳು, ಬಿಸಿಲಿಗೆ ಜಾಗವೆಲ್ಲಿ?
ಕುಂಚ ಎಲ್ಲಿಟ್ಟಿದ್ದಳೆಂದು ಕೇಳಲು ಅವಳಿಲ್ಲ.
ಪಟ್ಟಣಕ್ಕೆ ಹೋಗಿ ಪ್ಲಾಸ್ಟಿಕ್ ಪೆಟ್ಟಿಗೆ ತಂದೆ,
ನಾಲ್ಕು ಕೊಕ್ಕೆ, ಅಂಚಿಗೆ ರಬ್ಬರು, ಗಾಳಿಯೂ ನುಸುಳದು.
ಕೊಕ್ಕೆಗಳು ಟಕ್ ಟಕ್ ಎಂದಾಗ
ಗೆದ್ದೆ ಅನ್ನಿಸಿತು. ಯಾರನ್ನು ಅಂತ ಹೇಳಲಾರೆ.

ಸೆಪ್ಟೆಂಬರ್ ಬಂತು. ಎದುರು ಮನೆಯ ರೇಡಿಯೋ
ಆಗಲೇ ಕ್ರಿಸ್‌ಮಸ್ ಹಾಡತೊಡಗಿತು.
ಮುಚ್ಚಳ ತೆಗೆದೆ.

ಕಾಲು ಮೇಲಾಗಿ ಮಲಗಿತ್ತು ಒಂದೇ ಒಂದು, ದೊಡ್ಡದು.
ಕಳ್ಳನನ್ನು ಒಳಗಿಟ್ಟೇ ಬೀಗ ಜಡಿದಿದ್ದೆ.
ಕೆಂಪು ಹಳದಿ ಕಾಗದಗಳು ಹರಿಯದೆ, ಬರೀ ಬಿಟ್ಟುಕೊಂಡು,
ಮಡಿಸಿಟ್ಟ ಬಟ್ಟೆಯಂತೆ ತಳದಲ್ಲಿ ಬಿದ್ದಿದ್ದವು.
ಬಿದಿರು ತೊಳೆದಿಟ್ಟಷ್ಟು ಚೊಕ್ಕಟ.
ತಿಂದದ್ದು ಅಂಟನ್ನು ಮಾತ್ರ,
ಅಂಟಿನಲ್ಲಿ ಒಣಗಿದ್ದ ಅವಳ ಹೆಬ್ಬೆರಳ ಗೆರೆಗಳನ್ನು,
ಹತ್ತು ಹತ್ತು ಎಣಿಸಿ ಒತ್ತಿದ್ದನ್ನೆಲ್ಲ.

ಐದನೆಯ ಮೊನೆಯಲ್ಲಿ, ಬಾಲದ ಗಂಟಿನಡಿ,
ಉಗುರಗಲ ಉಳಿದಿತ್ತು.
ದೀಪಕ್ಕೆ ಹಿಡಿದರೆ ಸುಳಿಸುಳಿ, ಕೆರೆಗೆ ಕಲ್ಲೆಸೆದ ಹಾಗೆ.

ಮಗಳು ದಲಿಸಾಯ್ ಬಿಸಿ ಅಂಟಿನ ಪಿಸ್ತೂಲು ತಂದುಕೊಟ್ಟಳು.
"ಐದು ನಿಮಿಷ, ಅಮ್ಮಾ."
ಅದನ್ನು ಪಕ್ಕಕ್ಕಿಟ್ಟು ಅಕ್ಕಿ ತೊಳೆದೆ.
ಮೊದಲ ಪಾತ್ರೆ ಸೀದಿತು, ಎರಡನೆಯದು ಗಂಟುಗಂಟು.
ಮೂರನೆಯದು ಎಳೆ ಬರುವಷ್ಟರಲ್ಲಿ ಹೆಬ್ಬೆರಳು ಸುಟ್ಟಿತ್ತು.
ಆ ಒಂದು ಮೊನೆಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬಳಿದೆ.
ಕಾಗದ ಸೊಟ್ಟಗೆ ಕೂತಿತು. ಕೂರಲಿ.

ಪಾತ್ರೆಯ ತಳದಲ್ಲಿ ಒಂದು ಚಮಚ ಉಳಿದಿತ್ತು.
ಹಾಲಿನ ಡಬ್ಬಿಯ ಮುಚ್ಚಳ ಹುಡುಕಿ ತೆಗೆದೆ.
ಸಕ್ಕರೆ ಚಿಟಿಕೆ.
ಬಿಳಿಗಾರ ಎರಡು ಚಿಟಿಕೆ.

ನಿಂತು, ಇನ್ನೊಂದು.